ಸುಬ್ಬರಾಯನ ಪಾಲಿನ ಕೇಕು

ತೀರ್ಥರೂಪರಾದ ಅಣ್ಣನಿಗೆ,

ನಿಮ್ಮ ಮಗಳು ಜಾನಕಿ ಮಾಡುವ ನಮಸ್ಕಾರ. ‘ಉಭಯ ಕುಶಲೋಪರಿ’ ಎಂದು ಬರೆಯಲು ಹೋಗಿ ಪೆನ್ನು ಅಲ್ಲೇ ನಿಂತಿತು. ಈ ಕಡೆಯ ಕುಶಲವನ್ನು ನಾನು ಬರೆಯಬಹುದು, ಆ ಕಡೆಯದನ್ನು ಯಾರು ಬರೆಯಬೇಕು? ಕಾಗದ ಬರೆಯುವ ಕ್ರಮ ಕಲಿಸಿದವರು ನೀವೇ. ಮೊದಲು ದೊಡ್ಡವರ ಆರೋಗ್ಯ, ಆಮೇಲೆ ಮಳೆಯ ಸಮಾಚಾರ, ಕಡೆಯಲ್ಲಿ ಕೆಲಸದ ಮಾತು ಅನ್ನುತ್ತಿದ್ದಿರಿ. ಇವತ್ತು ಕೆಲಸದ ಮಾತನ್ನೇ ಮೊದಲು ಬರೆಯುತ್ತೇನೆ, ಬೈಯಬೇಡಿ. ಮೊನ್ನೆ ನಮ್ಮ ಕಾನ್ವೆಂಟಿನ ವರ್ಷದ ಕೊನೆಯ ಸಭೆಗೆ ಹೋಗಿದ್ದೆ. ಅಲ್ಲಿ ನಮ್ಮ ಸುಬ್ಬರಾಯ ತೀರಿಕೊಂಡ.

ಅವನು ಹುಟ್ಟಿದ್ದೂ ಅಲ್ಲೇ ಅಲ್ಲವೇ? ನಾನಾಗ ಹೈಸ್ಕೂಲಿನ ಮೊದಲ ವರ್ಷ. ಜಯನಗರದಲ್ಲಿ ಮನೆಗಳಿಗಿಂತ ಕಲ್ಲು ನೆಟ್ಟ ಖಾಲಿ ಸೈಟುಗಳೇ ಹೆಚ್ಚು. ಶಾಲೆಯ ಜಗಲಿಯಲ್ಲಿ ನಿಂತರೆ ನಮ್ಮ ಹಿತ್ತಲಿನಲ್ಲಿ ಅಮ್ಮ ಒಣಹಾಕಿದ ಸೀರೆಯ ಬಣ್ಣ ಕಾಣುತ್ತಿತ್ತು. ಹತ್ತಿರ ಎಂಬ ಒಂದೇ ಕಾರಣಕ್ಕೆ ನನ್ನನ್ನು ಆ ಶಾಲೆಗೆ ಸೇರಿಸಿದ್ದಿರಿ. ಆ ಕಾರ್ತಿಕದಲ್ಲಿ ತುಮಕೂರಿನಿಂದ ನಿಮ್ಮ ಅಕ್ಕ ಬಂದರು. ನಾನು ಅಡುಗೆಮನೆಯಲ್ಲಿ ಚಟ್ನಿ ರುಬ್ಬುತ್ತಿದ್ದೆ. "ಹುಡುಗಿ ದೊಡ್ಡೋಳಾದ್ಲು ಕಣೋ. ಇನ್ನೂ ಎಷ್ಟು ದಿನ ಆ ಸನ್ಯಾಸಿನಿಯರ ಹತ್ರ ಕಳಿಸ್ತೀಯ? ಬಿಡಿಸಿ ಮನೇಲಿ ಕೂರಿಸು, ಗಂಡು ನಾನು ನೋಡ್ತೀನಿ" ಅಂದರು. ನೀವು ಒಂದು ಮಾತೂ ಎದುರಾಡಲಿಲ್ಲ. "ಆಗ್ಲಿ ಅಕ್ಕ, ಕ್ರಿಸ್‌ಮಸ್ ರಜ ಬರ್ಲಿ" ಅಂದಿರಿ. ನಾನು ರುಬ್ಬುತ್ತಲೇ ಇದ್ದೆ. ಚಟ್ನಿ ಗಂಧದಷ್ಟು ನುಣ್ಣಗಾಯಿತೆಂದು ಅಮ್ಮ ಬೈದಳು.

ಶಾಲೆಯ ಆ ಪದ್ಧತಿ ನಿಮಗೆ ನೆನಪಿರಬೇಕು. ಕ್ರಿಸ್‌ಮಸ್ ರಜಕ್ಕೆ ಮುಂಚಿನ ದಿನ ಬೆಳಿಗ್ಗೆ ಪ್ರತಿ ಹುಡುಗಿ, ಯಾವ ಜಾತಿಯವಳಾದರೂ ಸರಿ, ಎರಡು ಚೀಟಿ ಬರೆಯಬೇಕು. ಒಂದರಲ್ಲಿ ಆ ವರ್ಷ ದೇವರಿಗೆ ಯಾವುದಕ್ಕೆ ವಂದನೆ ಅನ್ನುವುದು. ಅದನ್ನು ಬಾಲಯೇಸುವಿನ ಗೋದಲಿಯ ಪಕ್ಕದ ಡಬ್ಬಿಗೆ ಹಾಕಬೇಕು. ಚೆನ್ನಾಗಿರುವುದನ್ನು ಆರಿಸಿ ಸಂಜೆ ಸಭೆಯಲ್ಲಿ ಓದುತ್ತಿದ್ದರು. ಇನ್ನೊಂದರಲ್ಲಿ ಮನಸ್ಸಿನ ಭಾರ. ಅದು ಮಣ್ಣಿನ ಕುಡಿಕೆಗೆ. ಅದನ್ನು ಯಾರೂ ಓದುವುದಿಲ್ಲ, ಪ್ರಾರ್ಥನೆ ಮುಗಿದ ಮೇಲೆ ಸಾಂಬ್ರಾಣಿಯ ಜೊತೆ ಸುಟ್ಟುಬಿಡುತ್ತಾರೆ. ನಾನು ವಂದನೆ ಹೇಳಿದ್ದು ರೇಖಾಗಣಿತ ಅರ್ಥವಾಗಿದ್ದಕ್ಕೆ. ಭಾರದ ಚೀಟಿಯಲ್ಲಿ ಬರೆದಿದ್ದು: "ಅಣ್ಣ ನನ್ನನ್ನು ಶಾಲೆ ಬಿಡಿಸುತ್ತಾರೆ. ನನಗೆ ಓದಬೇಕು. ಅಣ್ಣನ ಮೇಲೆ ಕೋಪ ಬಂದಿದೆ." ಹಾಕುವ ಅವಸರದಲ್ಲಿ ಚೀಟಿಗಳು ಅದಲುಬದಲಾದವು. ರೇಖಾಗಣಿತ ಸಾಂಬ್ರಾಣಿಯ ಹೊಗೆಯಲ್ಲಿ ಹೋಯಿತು. ಕೋಪ ಸಿಸ್ಟರ್ ಸಿಸಿಲಿಯಾ ಅವರ ಕೈಗೆ ಸಿಕ್ಕಿತು.

ಸಂಜೆ ನೀವು ಕಚೇರಿಯಿಂದ ನೇರವಾಗಿ ಸೈಕಲ್ ಮೇಲೆ ಬಂದಿರಿ, ಕರಿ ಟೋಪಿ, ಮುಚ್ಚುಕಾಲರಿನ ಕೋಟು. ಹಣ್ಣಿಗೆ ಮೈಲಿಗೆ ಇಲ್ಲ ಎಂದು ಶಾಲೆಯವರು ಕೊಟ್ಟ ಕಿತ್ತಳೆಯನ್ನು ಮಾತ್ರ ತೆಗೆದುಕೊಂಡು ಗೋದಲಿಯ ಮುಂದೆ ನಿಂತಿದ್ದಿರಿ. ಸಿಸ್ಟರ್ ಸಿಸಿಲಿಯಾ ನಮ್ಮ ಹೆಡ್‌ಮಿಸ್ಟ್ರೆಸ್, ಮಂಗಳೂರು ಕಡೆಯವರು, ಎತ್ತರದ ಆಳು. ಸೀದಾ ನಿಮ್ಮ ಹತ್ತಿರ ಬಂದರು. "ನೋಡಿ, ನಿಮ್ಮ ಮಗನಿಗೆ ಸ್ವಲ್ಪ ಬುದ್ಧಿ ಹೇಳ್ಬೇಕು ನೀವು. ತಂಗಿ ಓದುದು ಬೇಡ ಅಂತ ಹೇಳ್ಲಿಕ್ಕೆ ಅವನು ಯಾರು? ತಂದೆ ನೀವು ಗಟ್ಟಿಯಾಗಿ ಇದ್ದೀರಲ್ಲ!" ನೀವು ಅರ್ಥವಾಗದೆ ನನ್ನ ಕಡೆ ನೋಡಿದಿರಿ. "ಇವಳು ಚೀಟಿಯಲ್ಲಿ ಬರೆದಿದ್ದಾಳೆ, ಅಣ್ಣ ಶಾಲೆ ಬಿಡಿಸ್ತಾನೆ ಅಂತ. ಎಂತ ಅವನ ಹೆಸರು?" ಅಂದರು. ಮನೆಗೆ ನಾನೊಬ್ಬಳೇ ಮಗಳು. ಮಗನೆಂಬುವನು ಎಲ್ಲಿದ್ದಾನೆ? ಸುತ್ತ ಹತ್ತು ಹದಿನೈದು ಜನ ತಂದೆತಾಯಿಯರು ನಿಂತಿದ್ದಾರೆ. ಅಣ್ಣ ಅಂದರೆ ನಾನೇ ಎಂದು ಹೇಳುವ ಹಾಗಿಲ್ಲ. ನೀವು ಟೋಪಿ ತೆಗೆದು ಮತ್ತೆ ಹಾಕಿಕೊಂಡಿರಿ. "ಸು... ಸುಬ್ಬರಾಯ" ಅಂದಿರಿ. ನಿಮ್ಮ ತಂದೆಯ ಹೆಸರು. "ಹೇಳ್ತೀನಿ ಸಿಸ್ಟರ್. ಎಸ್ಸೆಸ್ಸೆಲ್ಸಿವರೆಗೂ ಓದಿಸ್ತೀವಿ. ಅವನಿಗೆ ನಾನು ಹೇಳ್ತೀನಿ."

ಮನೆಗೆ ಬರುವಾಗ ನೀವು ಸೈಕಲ್ ಹತ್ತಲಿಲ್ಲ, ತಳ್ಳಿಕೊಂಡೇ ನಡೆದಿರಿ. ಬೈತೀರಿ ಎಂದು ಕಾದೆ, ಕಾದೆ. ನಮ್ಮ ಬೀದಿಯ ತಿರುವಿನಲ್ಲಿ, "ಪಾಪ, ಅವರ ಕಡೆ ತಂದೆಗೆ ಅಣ್ಣ ಅನ್ನಲ್ಲ. ಅವರಿಗೇನು ಗೊತ್ತು" ಅಂದಿರಿ. ಮನೆಯ ಗೇಟು ತೆಗೆಯುತ್ತ, "ಶಾಲೆ ಬಿಡಿಸೋ ಬದಲು ನಿಂಗೆ ಅಣ್ಣ ಅನ್ನೋದನ್ನ ಬಿಡಿಸಬೇಕಾಗಿತ್ತು" ಅಂದಿರಿ. ನಾನೇನು ಮಾಡಲಿ? ನಾನು ಮಾತು ಕಲಿಯುವಾಗ ಮನೆ ತುಂಬ ಚಿಕ್ಕಪ್ಪಂದಿರು, ಎಲ್ಲರ ಬಾಯಲ್ಲೂ ನೀವು ಅಣ್ಣ. ಅವರೆಲ್ಲ ಬೇರೆ ಬೇರೆ ಊರು ಸೇರಿದರು, ಹೆಸರು ಮಾತ್ರ ನನ್ನ ಬಾಯಲ್ಲಿ ಉಳಿಯಿತು. ರಜಕ್ಕೆ ತುಮಕೂರಿನಿಂದ ಮತ್ತೆ ಬಂದ ಅತ್ತೆ ಎಷ್ಟು ಕೂಗಾಡಿದರೂ ನೀವು ಒಂದೇ ಮಾತು ಹೇಳಿದಿರಿ: "ಮಾತು ಕೊಟ್ಟಾಯ್ತಕ್ಕ."

ಆಮೇಲೆ ಫೀಸು ಕಟ್ಟಲು ಬಂದರೂ, ಮಾರ್ಕ್ಸ್ ಕಾರ್ಡಿಗೆ ಸಹಿ ಹಾಕಲು ಬಂದರೂ ಸಿಸ್ಟರ್ ಬಿಡುತ್ತಿರಲಿಲ್ಲ. "ಹೇಗಿದ್ದಾನೆ ನಿಮ್ಮ ಸುಬ್ಬರಾಯ?" ಮೊದಮೊದಲು ನಿಮ್ಮ ಹಣೆಯಲ್ಲಿ ಬೆವರು ಬರುತ್ತಿತ್ತು. ಹೋಗುತ್ತ ಹೋಗುತ್ತ ಅವನ ಕಥೆ ಹೇಳುವುದರಲ್ಲಿ ನಿಮಗೆ ರುಚಿ ಹತ್ತಿತು, ಅಲ್ಲವೇ? "ಹಠ ಜಾಸ್ತಿ ಸಿಸ್ಟರ್. ಕೆಟ್ಟೋನಲ್ಲ. ಹೆದರಿಕೆ ಅವನಿಗೆ, ಜನ ಏನಂತಾರೋ ಅಂತ" ಅಂದಿರಿ ಒಂದು ದಿನ. ಇನ್ನೊಂದು ದಿನ, "ತಂಗಿ ಅಂದ್ರೆ ಪ್ರಾಣ ಅವನಿಗೆ. ಬಾಯಿ ಬಿಟ್ಟು ಹೇಳಕ್ಕೆ ಬರಲ್ಲ" ಅಂದಿರಿ. ನಾನು ಪಕ್ಕದಲ್ಲೇ ಸ್ಲೇಟು ಬಣ್ಣದ ನೆಲ ನೋಡುತ್ತ ನಿಂತಿದ್ದೆ. ಮನೆಯಲ್ಲಿ ನನ್ನ ಜೊತೆ ನೀವು ಆಡಿದ ಮಾತು ದಿನಕ್ಕೆ ನಾಲ್ಕೋ ಐದೋ. ನಿಮ್ಮ ಮನಸ್ಸು ನನಗೆ ಗೊತ್ತಾದದ್ದೆಲ್ಲ ಆ ಆಫೀಸು ರೂಮಿನಲ್ಲಿ, ಇಲ್ಲದ ಅಣ್ಣನ ನೆಪದಲ್ಲಿ.

ಎಸ್ಸೆಸ್ಸೆಲ್ಸಿ ವರ್ಷದ ಸಭೆಯ ದಿನ ಸಿಸ್ಟರ್ ಎರಡು ಪೊಟ್ಟಣ ಕೊಟ್ಟರು. ಒಂದು ನನಗೆ. ಇನ್ನೊಂದರ ಮೇಲೆ ನೀಲಿ ಶಾಯಿಯಲ್ಲಿ ‘ಸುಬ್ಬರಾಯ’. "ಮೊಟ್ಟೆ ಹಾಕ್ಲಿಲ್ಲ, ನಾನೇ ನಿಂತು ಮಾಡ್ಸಿದ್ದು. ತಂಗಿಯನ್ನು ಓದಿಸಿದನಲ್ಲ, ಅವನಿಗೂ ಒಂದು ತುಂಡು" ಅಂದರು. ಅಮ್ಮ ಅದನ್ನು ಒಳಗೆ ಬಿಡಲಿಲ್ಲ. "ಇಲ್ಲದ ಮಗನಿಗೆ ಕೇಕು ಬೇರೆ ಕೇಡು! ಕಾಗೆಗೆ ಹಾಕು ಹೋಗು" ಅಂದಳು. ನಾನು ಹಿತ್ತಲಿಗೆ ಹೋದಾಗ ನೀವು ಒಗೆಯುವ ಕಲ್ಲಿನ ಹತ್ತಿರ ನಿಂತಿದ್ದಿರಿ. ಕೈ ಚಾಚಿ ಪೊಟ್ಟಣ ಇಸಿದುಕೊಂಡಿರಿ. ಸಂಧ್ಯಾವಂದನೆ ತಪ್ಪಿಸದ ನೀವು, ಹೋಟೆಲಿನ ಕಾಫಿಯನ್ನೂ ಕುಡಿಯದ ನೀವು, ನಿಂತಲ್ಲೇ ಇಡೀ ತುಂಡು ತಿಂದಿರಿ. ನಾನು ಬೆಪ್ಪಾಗಿ ನೋಡುತ್ತಿದ್ದೆ. "ಏನು ನೋಡ್ತೀಯ? ನನ್ನ ಪಾಲು ನಾನು ತಿನ್ನಬೇಡ್ವೇನೆ?" ಅಂದಿರಿ. ಮೀಸೆಯಲ್ಲಿ ಪುಡಿ ಅಂಟಿತ್ತು. ಅಷ್ಟು ಸಂತೋಷ ನನಗೆ ಆಮೇಲೆ ಯಾವತ್ತೂ ಆಗಿಲ್ಲ.

ಆ ಸಂತೋಷವನ್ನು ನಂಬಿಯೇ ನಾನು ಕೆಟ್ಟೆ. ರಿಸಲ್ಟ್ ಬಂದ ದಿನ ಫಸ್ಟ್ ಕ್ಲಾಸು ಎಂದು ಬೀದಿಯವರೆಲ್ಲ ಹೊಗಳಿ ಹೋದ ಮೇಲೆ ನಿಮ್ಮ ಕುರ್ಚಿಯ ಹಿಂದೆ ಬಂದು ನಿಂತೆ. ಕಾಲೇಜಿಗೆ ಹೋಗಲೇ ಎಂದು ನೇರವಾಗಿ ಕೇಳುವ ಧೈರ್ಯ ಇಲ್ಲ. ನಮ್ಮ ಆಟದ ಭಾಷೆಯಲ್ಲೇ ಕೇಳಿದೆ: "ಕಾಲೇಜಿಗೆ ಸುಬ್ಬರಾಯ ಏನಂತಾನೆ?" ನೀವು ಪೇಪರಿನಿಂದ ತಲೆ ಎತ್ತಲಿಲ್ಲ. "ಅವನು ಗಂಡಿನ ಕಡೆಯವರಿಗೆ ಆಗ್ಲೇ ಮಾತು ಕೊಟ್ಟುಬಿಟ್ಟಿದಾನಮ್ಮ." ಅಷ್ಟೆ. ಅದಕ್ಕೆ ನಾನು ಯಾರ ಜೊತೆ ಜಗಳವಾಡಲಿ? ಯಾರ ಕಾಲು ಹಿಡಿಯಲಿ? ಅತ್ತೆಯ ಕೈಯಿಂದ ನನ್ನನ್ನು ಬಿಡಿಸಿದ ಅಣ್ಣನೇ ನನ್ನನ್ನು ಕಟ್ಟಿಹಾಕಿದ. ನೀವು ಪೇಪರಿನ ಹಿಂದೆ ಇದ್ದಿರಿ, ಅವನ ಹಿಂದೆ ಇದ್ದಿರಿ.

ಮದುವೆಯಾಗಿ ತ್ಯಾಗರಾಜನಗರದ ಈ ಮನೆಗೆ ಬಂದೆ. ಇವರು ಕೆಟ್ಟವರಲ್ಲ. ಆ ಮಾತನ್ನು ದಿನಕ್ಕೆ ಎರಡು ಸಲ ನನಗೆ ನಾನೇ ಹೇಳಿಕೊಳ್ಳುತ್ತೇನೆ. ಅಡುಗೆಮನೆಯ ಕಿಟಕಿಗೆ ಎದುರು ಮನೆಯ ಗೋಡೆ, ಗೋಡೆಯ ಮೇಲೆ ಒಂದು ಗೇಣು ಆಕಾಶ. ಬೆಳಿಗ್ಗೆ ಕಾಲೇಜಿನ ಹುಡುಗಿಯರು ಬಸ್ಸಿಗೆ ಓಡುವ ಸದ್ದು ಕೇಳುತ್ತದೆ, ಮುಖ ಕಾಣುವುದಿಲ್ಲ. ತಿಂಗಳಿಗೊಮ್ಮೆ ನೀವು ಬಂದು ಕುರ್ಚಿಯ ತುದಿಯಲ್ಲಿ ಕೂತು ಕಾಫಿ ಕುಡಿದು "ಸೌಖ್ಯವೇನಮ್ಮ?" ಅನ್ನುತ್ತಿದ್ದಿರಿ. ನಾನು "ಹೂಂ" ಅನ್ನುತ್ತಿದ್ದೆ. ಏಳು ವರ್ಷ ಅದೇ ಪ್ರಶ್ನೆ, ಅದೇ ಹೂಂ. ಆಸ್ಪತ್ರೆಯಲ್ಲಿ ಆ ಕೊನೆಯ ವಾರ ನನ್ನ ಕೈ ಹಿಡಿದು, "ಸುಬ್ಬರಾಯಂದು ಒಂದು ತಪ್ಪಾಯ್ತು ಕಣೆ, ಆವತ್ತು ಅವನು..." ಎಂದು ಶುರು ಮಾಡಿದಿರಿ. ನರ್ಸು ಸೂಜಿ ಹಿಡಿದು ಬಂದಳು. ಮಾರನೆಯ ದಿನ ನಿಮಗೆ ಮಾತು ಇರಲಿಲ್ಲ.

ಮೊನ್ನೆ ಸಭೆಗೆ ಹೋದದ್ದು ಸಿಸ್ಟರ್ ಹಳೆಯ ವಿದ್ಯಾರ್ಥಿನಿಯರಿಗೆಲ್ಲ ಹೇಳಿಕಳಿಸಿದ್ದರಿಂದ. ಅವರಿಗೂ ವಯಸ್ಸಾಗಿದೆ, ಕೋಲು ಹಿಡಿದಿದ್ದಾರೆ. ನನ್ನನ್ನು ಕಂಡವರೇ, "ಜಾನಕಿ, ಅಣ್ಣ ಹೇಗಿದ್ದಾನೆ?" ಅಂದರು. ನಾನೇನೂ ಯೋಚಿಸಲಿಲ್ಲ. ಅಣ್ಣ ಎಂಬ ಶಬ್ದ ಕೇಳಿದೊಡನೆ ಒಳಗಿದ್ದದ್ದು ಹೊರಗೆ ಬಂತು. "ಅಣ್ಣ ಹೋಗ್ಬಿಟ್ರು ಸಿಸ್ಟರ್, ಆಷಾಢದಲ್ಲಿ." ಅವರು ಶಿಲುಬೆಯ ಗುರುತು ಮಾಡಿಕೊಂಡರು. "ಅಯ್ಯೋ ದೇವರೇ, ಎಷ್ಟು ಸಣ್ಣ ಪ್ರಾಯ! ಪಾಪ, ತಂದೆ ಹೇಗೆ ತಡ್ಕೊಂಡ್ರು ಮಗಾ?" ಇದಕ್ಕೆ ಏನು ಉತ್ತರ ಕೊಡಲಿ ಅಣ್ಣ? ಆ ವರ್ಷ ತೀರಿಕೊಂಡವರ ಹೆಸರುಗಳನ್ನು ಸಭೆಯ ಕೊನೆಯಲ್ಲಿ ಓದುತ್ತಾರಲ್ಲ, ಒಂದೊಂದು ಹೆಸರಿಗೆ ಒಂದೊಂದು ಮೇಣದಬತ್ತಿ. "ಸುಬ್ಬರಾಯ" ಎಂದು ಓದಿದರು. ಇಡೀ ಶಾಲೆ ಎದ್ದು ನಿಂತಿತು. ಇಲ್ಲದವನಿಗೆ ನೂರಾರು ಹುಡುಗಿಯರು ಪ್ರಾರ್ಥನೆ ಮಾಡಿದರು, ನಿಮ್ಮ ಹೆಸರನ್ನು ಒಬ್ಬರೂ ಎತ್ತಲಿಲ್ಲ. ಹೊರಡುವಾಗ ಸಿಸ್ಟರ್ ಪೊಟ್ಟಣ ಕೊಟ್ಟರು. ಅದರ ಮೇಲೆ ‘ಜಾನಕಿಯ ತಂದೆಯವರಿಗೆ’ ಎಂದು ಬರೆದಿದೆ. ಮಗನನ್ನು ಕಳೆದುಕೊಂಡವರಿಗೆ ಸಮಾಧಾನಕ್ಕೆ.

ಈಗ ನಿಮಗೆ ಗೊತ್ತಿಲ್ಲದ ಸುದ್ದಿ. ಆ ಮೊದಲ ವರ್ಷ ಸಭೆಗೆ ಮುಂಚೆ, ಮಧ್ಯಾಹ್ನ, ಸಿಸ್ಟರ್ ನನ್ನನ್ನು ಆಫೀಸಿಗೆ ಕರೆದಿದ್ದರು. ಚೀಟಿ ಕೈಯಲ್ಲಿತ್ತು. "ಇಷ್ಟು ಮಾಡಿದವನಿಗೆ ‘ಬಿಡಿಸುತ್ತಾರೆ’ ಅಂತ ಬಹುವಚನ ಬೇರೆ ಕೊಡ್ತಿ ಮಾರಾಯ್ತಿ. ಯಾರು ಈ ಅಣ್ಣ? ನಿನ್ನ ಒಡಹುಟ್ಟಿದವನಾ?" ಎಂದು ಕೇಳಿದರು. ಸ್ಪಷ್ಟವಾಗಿ ಕೇಳಿದರು. ನಾನು ಹೌದೆಂದು ಕತ್ತು ಆಡಿಸಿದೆ. ಅವರ ಕಡೆಯ ಭಾಷೆಯ ತಪ್ಪಲ್ಲ ಅಣ್ಣ, ನನ್ನ ಸುಳ್ಳು. ನಿಮ್ಮ ಮರ್ಯಾದೆ ಉಳಿಸಲು ಅಂದುಕೊಂಡೆ. ಭಯಕ್ಕೆ ಎಂದು ಈಗ ಅನ್ನಿಸುತ್ತದೆ. ಆ ಸುಳ್ಳು ನನ್ನನ್ನು ಮೂರು ವರ್ಷ ಓದಿಸಿತು, ನಿಜ. ಆದರೆ ನನ್ನ ಕೋಪ ನಿಮಗೆ ಮುಟ್ಟಲೇ ಇಲ್ಲ. ಎಲ್ಲವೂ ಅವನ ಹೆಸರಿಗೆ ಹೋಯಿತು. ನಿಮ್ಮ ಪ್ರೀತಿ ಕೂಡ. ನಾನು ಆವತ್ತು ನಿಜ ಹೇಳಿದ್ದರೆ ನೀವು...

ಇವತ್ತು ಬೆಳಿಗ್ಗೆ ಆ ಪೊಟ್ಟಣ ಬಿಚ್ಚಿ ಕಾಂಪೌಂಡ್ ಗೋಡೆಯ ಮೇಲೆ ಬಾಳೆಎಲೆಯ ತುಂಡಿನಲ್ಲಿಟ್ಟೆ. ಮೊಟ್ಟೆ ಹಾಕಿಲ್ಲ ಎಂದೂ ಹೇಳಿದೆ. ಕಾಗೆ ಬಂದು ಕೂತಿತು, ಮುಟ್ಟಲಿಲ್ಲ. ನಿಮ್ಮ ಮೊಮ್ಮಗಳನ್ನು ಜೂನಿನಲ್ಲಿ ಅದೇ ಶಾಲೆಗೆ ಸೇರಿಸುತ್ತೇನೆ, ಕಾಲೇಜಿಗೂ ಕಳಿಸುತ್ತೇನೆ ಎಂದು ಮಾತು ಕೊಟ್ಟೆ. ಕಾಗೆ ಕದಲಲಿಲ್ಲ. ಸಿಸ್ಟರಿಗೆ ಹೋಗಿ ನಿಜ ಹೇಳುತ್ತೇನೆ ಎಂದೆ. ಊಹೂಂ. ಕಡೆಗೆ ಗಟ್ಟಿಯಾಗಿ, "ಅಣ್ಣ, ನಂಗೆ ಕೋಪ ಇದ್ದಿದ್ದು ನಿಮ್ಮ ಮೇಲೆ. ಇನ್ನೂ ಇದೆ" ಅಂದುಬಿಟ್ಟೆ. ಆಮೇಲೆ ಕಾಗೆಯನ್ನು ನೋಡಲು ಆಗಲಿಲ್ಲ, ಕಣ್ಣು ಮಂಜಾಗಿತ್ತು. ಹಿಂದಿನಿಂದ ನಿಮ್ಮ ಮೊಮ್ಮಗಳು ನನ್ನ ಸೆರಗು ಹಿಡಿದು ಎಳೆದಳು.

"ಯಾರ ಹತ್ರ ಮಾತಾಡ್ತಿದೀಯಮ್ಮ?"

"ಅಣ್ಣನ ಹತ್ರ."

"ಅಣ್ಣ ಅಂದ್ರೆ ಯಾರು?"

"ನಮ್ಮಪ್ಪ ಕಣೆ" ಅಂದೆ.

ನಿಮ್ಮ ಮಗಳು,
ಜಾನಕಿ