ಸಿಂಹಾಯದ ಸೋಫಾ

ಜೂನ್ 5, 1983. ಭಾನುವಾರ, ಮಧ್ಯಾಹ್ನ

ಊಟವಾಯಿತು. ಪಾತ್ರೆ ತೊಳೆದಾಯಿತು. ಸಂಜೆಗೆ ಸೊಪ್ಪು ಹೆಚ್ಚಲು ಈಳಿಗೆಮಣೆ ಮುಂದೆ ಕೂತವಳು ಏಳಬೇಕಾದರೆ ನಡುಮನೆಯ ಕಂಬ ತಬ್ಬಿಕೊಳ್ಳಬೇಕಾಯಿತು. ನಲವತ್ತನಾಲ್ಕಕ್ಕೇ ಈ ಗತಿ.

ನಿನ್ನೆ ಮಾಗಡಿ ಡಾಕ್ಟರ್ ಮಂಡಿ ಅಮುಕಿ ನೋಡಿ, "ನೆಲದ ಮೇಲೆ ಕೂರೋದು ಬಿಟ್ಬಿಡಿ ಮೇಡಂ, ಕುರ್ಚಿ ಮೇಲೆ ಕೂತ್ಕೊಳ್ಳಿ" ಅಂದರು. ಎಷ್ಟು ಸಲೀಸಾಗಿ ಅಂದುಬಿಟ್ಟರು! ಈ ಮನೆಯಲ್ಲಿರುವುದು ಒಂದೇ ಕುರ್ಚಿ. ಅದು ಮಾವನ ಈಜಿಚೇರು. ನಲವತ್ತೇಳರಲ್ಲಿ ಊರು ಬಿಟ್ಟು ಹೊರಟ ಯಾರೋ ಫಾರೆಸ್ಟ್ ದೊರೆಯ ಸಾಮಾನು ಹರಾಜಾದಾಗ ಹಿಡಿದದ್ದು. ತೇಗದ ಮರ, ಬೆತ್ತದ ಹೆಣಿಗೆ, ಕಾಲು ಚಾಚಲು ಉದ್ದುದ್ದ ಕೈ. ಅದರಲ್ಲಿ ಮಾವನ ಹೊರತು ಇನ್ನೊಬ್ಬರು ಕೂತದ್ದಿಲ್ಲ. ಇವರಿಗೇ ನಲವತ್ತೊಂಬತ್ತಾಯಿತು, ಇನ್ನೂ ಅಪ್ಪನ ಮುಂದೆ ನಿಂತೇ ಇರುತ್ತಾರೆ. ಗಂಡಸರು ಬಂದರೆ ಜಗಲಿ. ಅತ್ತೆಗೆ ಒಂದು ಮಣೆ. ನನಗೆ ನೆಲ.

ಡಾಕ್ಟರ್ ಹೇಳಿದ್ದನ್ನು ರಾತ್ರಿ ಊಟಕ್ಕೆ ಬಡಿಸುವಾಗ ಹೇಳಿದೆ. ಮಾವ ಮುದ್ದೆ ಮುರಿಯುತ್ತಾ, "ದಿನವೆಲ್ಲ ಇಸ್ಕೂಲ್ನಾಗೆ ಕುರ್ಚಿ ಮ್ಯಾಲೇ ಕುಂತಿರ್ತಾಳಲ್ಲ. ಮನೇಲೂ ಬೇಕಾ?" ಅಂದರು. ನನಗಲ್ಲ, ಸಾರಿನ ಬಟ್ಟಲಿಗೆ.

ಜೂನ್ 9, ಗುರುವಾರ

ಸ್ಕೂಲಿನ ಭೂಪಟದ ಬೀರು ಗುಡಿಸುವಾಗ ದಪ್ಪನೆಯ ಇಂಗ್ಲಿಷ್ ಪುಸ್ತಕ ಸಿಕ್ಕಿತು. ಕುರ್ಚಿ, ಮಂಚ, ಮೇಜುಗಳ ಇತಿಹಾಸ. ಯಾರು ದಾನ ಕೊಟ್ಟರೋ, ಗೆದ್ದಲು ಕೂಡ ತೆರೆದು ನೋಡಿಲ್ಲ. ಯಾರಿಗೂ ಹೇಳದೆ ಎತ್ತಿಕೊಂಡು ಬಂದೆ. ನೆಲದ ಮೇಲೆ ಕೂತು ಕುರ್ಚಿಯ ಇತಿಹಾಸ ಓದುತ್ತಿದ್ದೇನೆ!

ಈಜಿಪ್ಟಿನ ರಾಜರ ಕುರ್ಚಿಗೆ ಸಿಂಹದ ಪಾದ. ಯೂರೋಪಿನಲ್ಲಿ ಎಷ್ಟೋ ಕಾಲ ಮನೆಗೊಂದೇ ದೊಡ್ಡ ಕುರ್ಚಿ, ಅದು ಯಜಮಾನನದು, ಮಿಕ್ಕವರಿಗೆ ಬೆಂಚು. ಸೋಫಾ ಅನ್ನುವ ಮಾತು ಅರಬ್ಬರದಂತೆ — ಹಾಸು ಹಾಸಿದ ಕಟ್ಟೆ. ಅಂದರೆ ನಮ್ಮ ಜಗಲಿ!

ಫ್ರಾನ್ಸಿನ ಹದಿನಾಲ್ಕನೇ ಲೂಯಿ ಪುಟಕ್ಕೆ ಬಂದಾಗ ಒಬ್ಬಳೇ ನಕ್ಕುಬಿಟ್ಟೆ. ಅರಮನೆಯಲ್ಲಿ ಯಾರು ಎಲ್ಲಿ ಕೂರಬೇಕು ಅನ್ನುವುದಕ್ಕೆ ಕಾನೂನಂತೆ. ರಾಜನಿಗೆ ಕೈ ಇರುವ ಕುರ್ಚಿ. ರಾಣಿಗೂ ಕುರ್ಚಿ. ಡಚೆಸ್ ಅನ್ನುವ ದೊಡ್ಡ ಮನೆತನದ ಹೆಂಗಸರಿಗೆ ಕೈಯೂ ಇಲ್ಲದ, ಬೆನ್ನೂ ಇಲ್ಲದ ಸಣ್ಣ ಸ್ಟೂಲು, ಅದಕ್ಕೇ ಮಹಾ ಜಗಳ. ಉಳಿದವರು ನಿಂತಿರಬೇಕು, ಕಾಲು ಬಿದ್ದುಹೋದರೂ ಸರಿ. ನಮ್ಮನೆಯನ್ನು ಯಾವಾಗ ಬಂದು ನೋಡಿಕೊಂಡು ಹೋದರು ಇವರು?

ಇನ್ನು ಮೇಲೆ ಈ ಡೈರಿಯಲ್ಲಿ ಮಾವ ಅಂದರೆ ಲೂಯಿ.

ಜೂನ್ 19, ಭಾನುವಾರ

ಧೈರ್ಯ ಮಾಡಿದೆ. ನೇರವಾಗಿ ಅಲ್ಲ — ಉಪಾಯವಾಗಿ. "ಮಾವ, ಬಂದ ನೆಂಟರು ಜಗಲಿ ಮೇಲೆ ಕೂರೋದು ನೋಡೋಕೆ ಚೆನ್ನಾಗಿಲ್ಲ. ನನ್ನ ಸಂಬಳದಲ್ಲಿ ಒಂದು ಸೋಫಾ ಮಾಡಿಸೋಣ" ಅಂದೆ. ಲೂಯಿ ಮೀಸೆ ತೀಡಿದರು. "ನೆಂಟರಿಗಾದ್ರೆ ಸರಿ."

ಗೆದ್ದೆ ಅಂದುಕೊಂಡೆ. ಆಮೇಲೆ ಬಂದರು ಸಿದ್ದಲಿಂಗಾಚಾರಿ. ಈ ಸುತ್ತಿನ ಗಾಡಿ, ನೇಗಿಲು, ಬಾಗಿಲು, ಮಂಚ ಎಲ್ಲ ಅವರ ಕೈಯದೇ. ಸೋಫಾ ಮಾತ್ರ ಇದೇ ಮೊದಲು. ಪುಸ್ತಕ ತೋರಿಸಿದೆ. ನಾನು ಬೆರಳಿಟ್ಟದ್ದು ನೆಟ್ಟಗಿನ ಕಾಲಿನ ಸಾದಾ ಸೋಫಾ. ಅವರು ಬೆರಳಿಗೆ ಎಂಜಲು ಹಚ್ಚಿ ಪುಟ ತಿರುವಿ ಹದಿನಾಲ್ಕನೇ ಲೂಯಿಯ ಪುಟದಲ್ಲಿ ನಿಂತರು.

"ಇದ್ಯಾರ ಮನೇದು?"

"ಫ್ರಾನ್ಸ್ ದೇಶದ ರಾಜಂದು."

"ಕೆಲ್ಸ ಪರವಾಗಿಲ್ಲ. ಆಯ ಯಾವ್ದು ಇಟ್ಟವ್ರೆ?"

ಬಂತು ಗ್ರಹಚಾರ. ಮನೆಯಾಗಲಿ ಮಂಚವಾಗಲಿ, ಉದ್ದ ಅಗಲ ಮೊಳದಲ್ಲಿ ಅಳೆದು ಗುಣಿಸಿ, ಎಂಟರಿಂದ ಭಾಗಿಸಿ, ಉಳಿದದ್ದು ಒಳ್ಳೆಯ ಆಯವಾದರೆ ಮಾತ್ರ ಆಚಾರಿ ಉಳಿ ಮುಟ್ಟುವುದು. ಸೋಫಾಕ್ಕೆ ಯಾವ ಲೆಕ್ಕ? ಪೀಠವೋ, ಮಂಚವೋ? ಲೂಯಿ, ಆಚಾರಿ ಇಬ್ಬರೂ ಒಂದು ಗಂಟೆ ಚರ್ಚೆ ಮಾಡಿದರು. ನಾನು ಎರಡು ಸಲ ಕಾಫಿ ಮಾಡಿದೆ.

"ಇಬ್ರು ಕುಂತ್ರೆ ಪೀಠ. ಒಬ್ಬ ಮನಿಕಂಡ್ರೆ ಮಂಚ" ಅಂದರು ಆಚಾರಿ.

ಲೂಯಿ ಮಗನ ಕಡೆ ನೋಡಿದರು. ಇವರು ಆಗಲೇ ಜಗಲಿಯ ಮೇಲೆ ಗೊರಕೆ ಹೊಡೆಯುತ್ತಿದ್ದರು. "ಮಂಚ ಅಂತ್ಲೇ ಇಟ್ಕಳಯ್ಯ."

ಇನ್ನು ಯಾರ ಮೊಳ? ಮಾಡಿಸುವವಳು ನಾನಲ್ಲವೇ, ಕೈ ಚಾಚಿದೆ. ಮೊಣಕೈಯಿಂದ ಬೆರಳ ತುದಿವರೆಗೆ ದಾರ ಹಿಡಿದು, ನೆಲದ ಮೇಲೆ ಸೀಮೆಸುಣ್ಣದಲ್ಲಿ ಲೆಕ್ಕ ಹಾಕಿ, ಆಚಾರಿ ತಲೆಯಾಡಿಸಿದರು. "ಟೀಚರಮ್ಮೋರ್ದು ಖರಾಯ ಬತ್ತದೆ. ಕತ್ತೆ ಆಯ. ಬ್ಯಾಡಿ." ಆಗ ಲೂಯಿ ತಮ್ಮ ಕೈ ಚಾಚಿದರು. ಆರಡಿ ಆಳು, ಕೈ ಅಂದರೆ ಕೈ. ಲೆಕ್ಕ ಹಾಕಿದ್ದೇ ತಡ, ಆಚಾರಿ ಮುಖ ಅರಳಿತು. "ಸಿಂಹಾಯ! ಯಜಮಾನ್ರ ಮೊಳ್ದಾಗೇ ಆಗ್ಲಿ." ಲೂಯಿ ಮೀಸೆ ಮತ್ತೆ ತೀಡಿದರು.

ಅತ್ತೆ ಅಡುಗೆಮನೆ ಬಾಗಿಲಲ್ಲಿ ನಿಂತು ಇಷ್ಟೂ ನೋಡಿದರು. ಎಲ್ಲರೂ ಎದ್ದು ಹೋದ ಮೇಲೆ ಬಂದು ಪುಸ್ತಕದ ಚಿತ್ರ ನೋಡಿದರು. "ಈವಪ್ಪನ ಎಂಡ್ರು ಎಲ್ ಕುಂತ್ಕತಿದ್ಲವ್ವ?"

"ರಾಣಿಗೂ ಕುರ್ಚಿ ಇತ್ತು ಅತ್ತೆ."

"ಔದಾ?" ಅಂದು ಒಳಗೆ ಹೋದರು.

ಜುಲೈ 10, ಭಾನುವಾರ

ಮೂರು ವಾರ. ಸೋಫಾ ಇಲ್ಲ. ಪುಸ್ತಕವನ್ನೂ ಆಚಾರಿಯೇ ಒಯ್ದಿದ್ದಾರೆ, ಅತ್ತ ಹೆಡ್‌ಮಾಸ್ಟರ್ ಬೀರಿನ ಪುಸ್ತಕ ಎಣಿಸುತ್ತಿದ್ದಾರೆ. ಕೇಳಿ ಕಳಿಸಿದರೆ — "ಕಾಲು ಚನ್ನಪಟ್ಟಣದಲ್ಲಿ ಕಡೀತಾವ್ರೆ" ಅಂತ ಉತ್ತರ. ಗೊಂಬೆ ಕಡೆಯುವ ರಸೂಲ್ ಸಾಬರಿಗೆ ಕಾಲಿನ ಕೆಲಸ ವಹಿಸಿದ್ದಾರಂತೆ. ನಾಲ್ಕು ಕಾಲು, ಒಂದೊಂದೂ ಇಷ್ಟುದ್ದ, ಚೆಂದ ಇರಬೇಕು ಅಂತ ಒಂದು ಕಾರ್ಡು ಬರೆದರಂತೆ, ಅಷ್ಟೆ.

ಮಂಡಿ ಊದಿದೆ. ಎಣ್ಣೆ ನೀವಿದೆ.

ಜುಲೈ 24, ಭಾನುವಾರ

ಬಂತು. ದೇವರೇ!

ಎತ್ತಿನ ಗಾಡಿಯಲ್ಲಿ ತಲೆಕೆಳಗಾಗಿ, ಗೋಣಿತಾಟು ಹೊದ್ದು, ನಾಲ್ಕೂ ಕಾಲು ಆಕಾಶಕ್ಕೆ. ಕಾಲಿಗೆ ಕೆಂಪು ಬಳೆ, ಹಳದಿ ಬಳೆ, ಹಸಿರು ಬಳೆ, ಅರಗಿನ ಬಣ್ಣ ಫಳಫಳ. ಪಾಪ ರಸೂಲ್ ಸಾಬರದೇನು ತಪ್ಪು? ಚೆಂದ ಇರಬೇಕು ಅಂದಿದ್ದಾರೆ, ತೊಟ್ಟಿಲಿಗೆ ಹಾಕುವ ಬಣ್ಣವನ್ನೇ ಹಾಕಿದ್ದಾರೆ. ಬಸ್‌ಸ್ಟ್ಯಾಂಡಿನಿಂದ ನಮ್ಮ ಬೀದಿವರೆಗೆ ಊರೆಲ್ಲ ನೋಡಿದೆ.

ಎತ್ತರ ನೋಡಿ ಕಣ್ಣು ಕತ್ತಲೆ ಬಂತು. ಕಾಲೇ ಲೂಯಿಯ ಒಂದು ಮೊಳ, ಮೇಲೆ ಚೌಕಟ್ಟು, ಅದರ ಮೇಲೆ ಕಂದು ರೆಕ್ಸಿನ್ನಿನ ದಪ್ಪ ದಿಂಬು. "ಇಷ್ಟೆತ್ತರ ಯಾಕೆ ಆಚಾರ್ರೇ?" ಅಂದೆ.

"ಮಂಚದ ಲೆಕ್ಕ ಅಲ್ವ್ರಾ? ಕೆಳಗೆ ರಾಗಿ ಮೂಟೆ ಇಡಕ್ಕಾಯ್ತದೆ."

ಸಂಜೆಗೆ ಮೂರು ಮೂಟೆ ಇಟ್ಟೂ ಆಯಿತು. ಪುಸ್ತಕ ವಾಪಸ್ ಬಂತು. ಲೂಯಿಯ ಪುಟದಲ್ಲಿ ಬೀಡಿ ಕಿಡಿಯ ತೂತು.

ಜುಲೈ 26, ಮಂಗಳವಾರ

ಸ್ಕೂಲಿಂದ ಬರುವ ಹೊತ್ತಿಗೆ ಎದುರು ಮನೆ ಯಲ್ಲಮ್ಮ ನಿಂಬೆಕಾಯಿ ಉಪ್ಪಿನಕಾಯಿ ಬಟ್ಟಲು ಹಿಡಿದು ಕಾಯುತ್ತಿದ್ದಳು. ಮುಖದ ತುಂಬ ನಗು.

"ಹುಳಿ ತಿನ್ನಂಗಾಯ್ತದೇನೋ ಅಂತ ತಂದೆ. ಎಷ್ಟ್ನೇ ತಿಂಗ್ಳು ಟೀಚರಮ್ಮ?"

"ಏನು ಎಷ್ಟನೇ ತಿಂಗಳು?"

"ತೊಟ್ಲು ಬಂತಲ್ಲ! ಈ ವಯಸ್ನಾಗೆ ನಾಚ್ಕೆ ಯಾಕೆ, ದೇವ್ರು ಕೊಟ್ಟಿದ್ದು."

ಭೂಮಿ ಬಾಯಿ ಬಿಡಬಾರದೇ! ಒಳಗೆ ಕರೆದು ಸೋಫಾ ತೋರಿಸಿದೆ. ಯಲ್ಲಮ್ಮ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಅವಳೀನಾ?" ಅಂದಳು. ಇವರು ಎರಡು ದಿನದಿಂದ ಮೀಸೆಯಲ್ಲೇ ನಗುತ್ತಾ ಓಡಾಡುತ್ತಿದ್ದಾರೆ. ಹಾಗೇನೂ ಇಲ್ಲ ಅಂತ ಒಂದು ಮಾತು ಹೇಳಬಾರದೇ ಈ ಮನುಷ್ಯ? ಉಪ್ಪಿನಕಾಯಿ ಮಾತ್ರ ಬಲು ರುಚಿ.

ಆಗಸ್ಟ್ 14, ಭಾನುವಾರ

ಮೂರು ವಾರವಾಯಿತು. ಸೋಫಾ ಮೇಲೆ ಬಿಳಿ ದುಪ್ಪಟಿ ಹೊದಿಸಿದ್ದಾರೆ ಲೂಯಿ. ಅದರ ಮೇಲೆ ಈವರೆಗೆ ಕೂತದ್ದು ಬೆಕ್ಕೊಂದೇ. ಮಧ್ಯಾಹ್ನ ಮನೆಯಲ್ಲಿ ಯಾರೂ ಇಲ್ಲದಾಗ ಇವರು ಮಲಗುತ್ತಾರೆ ಅಂತ ನನಗೆ ಅನುಮಾನ, ಪುರಾವೆ ಇಲ್ಲ. ಬಂದ ನೆಂಟರು ಅದನ್ನು ನೋಡಿ, "ಕೊಳೆ ಆಯ್ತದೆ ಬುಡಿ" ಅಂತ ಜಗಲಿಗೇ ಹೋಗುತ್ತಾರೆ.

ನನ್ನ ಕುತ್ತಿಗೆಗೆ ನಾನೇ ಹಗ್ಗ ಹಾಕಿಕೊಂಡೆ. ನೆಂಟರಿಗೆ ಅಂದವಳು ನಾನೇ ಅಲ್ಲವೇ? ನಾನು ಈ ಮನೆಯ ನೆಂಟಳಲ್ಲ. ಇವತ್ತು ಅವರೆಕಾಳು ಆರಿಸುವಾಗ ನೆಲದ ಮೇಲೆ ಕೂತು ನನ್ನದೇ ಸೋಫಾದ ಕಾಲಿಗೆ ಒರಗಿದ್ದೆ. ಬಣ್ಣ ಹತ್ತಿರದಿಂದ ಚೆನ್ನಾಗಿಯೇ ಇದೆ.

ಆಗಸ್ಟ್ 15, ಸೋಮವಾರ

ಸ್ಕೂಲಲ್ಲಿ ಬಾವುಟ ಹಾರಿಸಿದ್ದು ಲೂಯಿ. ಊರಿನ ಹಿರಿಯರು ಅಂತ ಕರೆದಿದ್ದರು. ವೇದಿಕೆ ಮೇಲೆ ಅವರದೊಂದು ಕುರ್ಚಿ, ಪಕ್ಕದಲ್ಲೇ ನನ್ನದು, ಎರಡೂ ಒಂದೇ ಎತ್ತರ. ಒಂದು ಗಂಟೆ ಅಕ್ಕಪಕ್ಕ ಕೂತಿದ್ದೆವು. ನನ್ನ ಕೈಗೆ ಪೆಪ್ಪರ್‌ಮೆಂಟೂ ಕೊಟ್ಟರು. ಆಕಾಶ ಬೀಳಲಿಲ್ಲ.

ಮನೆಗೆ ಬಂದು ಕಾಫಿ ಕೊಟ್ಟೆ. ಈಗ ಕೂತುಬಿಡುತ್ತೇನೆ ಅಂತ ಸೋಫಾ ಹತ್ತಿರ ಹೋದೆ. ಲೂಯಿ ಕಣ್ಣೆತ್ತಿ ನೋಡಿದರು. ನಾನು ಸೆರಗಿನಲ್ಲಿ ಸೋಫಾದ ಧೂಳು ಒರೆಸಿ ವಾಪಸ್ ಬಂದೆ.

ನಾನು ಕ್ಲಾಸಿಗೆ ಹೋದರೆ ಐವತ್ತು ಮಕ್ಕಳು ಎದ್ದು ನಿಲ್ಲುತ್ತಾರೆ. ಸಿಟ್ಟು ಬಂತು, ಲೂಯಿ ಮೇಲಲ್ಲ, ನನ್ನ ಮೇಲೆ. ಹಿತ್ತಲಿಗೆ ಹೋಗಿ ಕಣ್ಣೀರು ಹಾಕಿದೆ. ನಾಚಿಕೆಗೇಡು.

ಆಗಸ್ಟ್ 21, ಭಾನುವಾರ, ಸಂಜೆ

ಒಲೆ ಹಚ್ಚುವುದು ಬಿಟ್ಟು ಇದನ್ನು ಬರೆಯುತ್ತಿದ್ದೇನೆ.

ದೊಡ್ಡಮಳೂರಿನಿಂದ ಅತ್ತೆಯ ತಮ್ಮ ಕೆಂಚಯ್ಯ ಬಂದಿದ್ದರು. ಲೂಯಿ ಈಜಿಚೇರಿನಲ್ಲಿ. ಇವತ್ತು ಸೋಫಾ ತೋರಿಸುವ ಹುಮ್ಮಸ್ಸು ಅವರಿಗೆ. ದುಪ್ಪಟಿ ಎಳೆದು, "ಕುಂತ್ಕಳ್ಳಾ ಕೆಂಚ. ಸಿಂಹಾಯ!" ಅಂದರು. ಕೆಂಚಯ್ಯ ಹಾರಿ ಕೂತರು. ಕಾಲು ನೆಲಕ್ಕೆ ಎಟುಕಲಿಲ್ಲ, ಮಗುವಿನ ಹಾಗೆ ಜೋತಾಡಿದವು. ನಗು ತಡೆಯಲು ಕಂಬದ ಹಿಂದೆ ಹೋದೆ.

ಅತ್ತೆ ಕಾಫಿ ತಂದರು. ತಮ್ಮನಿಗೊಂದು ಲೋಟ, ಗಂಡನಿಗೊಂದು. ಆಮೇಲೆ ತಟ್ಟೆ ಕೆಳಗಿಟ್ಟರು. ಸೀರೆ ಒಸಿ ಎತ್ತಿ ಹಿಡಿದರು. ಸೋಫಾ ಕೆಳಗಿಂದ ಚಾಚಿದ್ದ ರಾಗಿ ಮೂಟೆ ಮೇಲೆ ಒಂದು ಕಾಲಿಟ್ಟು ಹತ್ತಿ, ತಮ್ಮನ ಪಕ್ಕ ಕೂತುಬಿಟ್ಟರು.

ಅತ್ತೆ ಗಂಡನೆದುರು ಹೀಗೆ ಕೂತದ್ದು ಐವತ್ತು ವರ್ಷದಲ್ಲಿ ಇದೇ ಮೊದಲು.

"ಏನಮ್ಮಿ ಇದು?" ಅಂದರು ಲೂಯಿ.

"ಯಾಕೆ? ಆ ರಾಜನ ಎಂಡ್ರಿಗೂ ಕುರ್ಚಿ ಇತ್ತಂತೆ. ಬುಕ್ಕಿನಾಗೇ ಐತೆ, ಕೇಳಿ ನಿಮ್ ಸೊಸೇನ." ಆಮೇಲೆ ನನ್ನ ಕಡೆ ತಿರುಗಿ, "ಬಾರವ್ವ ಗಂಗಾ. ಜಾಗ ಐತೆ. ದಿನಾ ಮಂಡಿ ಮಂಡಿ ಅಂತ ಸಾಯ್ತೀಯ, ಕುಂತ್ಕ."

ಹೇಗೆ ಹೋದೆನೋ, ಹೇಗೆ ಹತ್ತಿದೆನೋ ಗೊತ್ತಿಲ್ಲ. ಕೂತೆ. ಮೂವರ ಆರು ಕಾಲು ಗಾಳಿಯಲ್ಲಿ. ಮಂಡಿ — ಆಹಾ.

ಆಗ ನೋಡಿದೆ. ಈಜಿಚೇರು ಮೊದಲೇ ತಗ್ಗು, ಬೆತ್ತ ಬೇರೆ ಜೋತುಬಿದ್ದಿದೆ. ಸೋಫಾ ಅವರದೇ ಮೊಳದ್ದು. ನಾವು ಮೂವರೂ ಮೇಲೆ, ಲೂಯಿ ಕೆಳಗೆ! ನಮ್ಮನ್ನು ಕತ್ತೆತ್ತಿ ನೋಡುತ್ತಿದ್ದರು. ಅದು ಅವರಿಗೂ ಅದೇ ಗಳಿಗೆಯಲ್ಲಿ ತಿಳಿಯಿತು ಅಂತ ಕಾಣುತ್ತೆ. ಕಾಫಿ ಮುಗಿಸದೆ ಎದ್ದು ತೋಟಕ್ಕೆ ಹೋದರು.

ಆಗಸ್ಟ್ 23, ಮಂಗಳವಾರ

ಲೂಯಿ ಮಾತಾಡುತ್ತಿಲ್ಲ. ಅತ್ತೆಗೆ ಅದರಿಂದ ತೊಂದರೆ ಆದಂತೆ ಕಾಣಲಿಲ್ಲ. ಸೋಫಾ ಮೇಲೆ ಕೂತು ಬತ್ತಿ ಹೊಸೆದರು.

ಸಂಜೆ ಆಚಾರಿಗೆ ಬುಲಾವು ಹೋಯಿತು. ಸೋಫಾ ಕಾಲು ಕತ್ತರಿಸಬೇಕಂತೆ. ಆಚಾರಿ ಕಿವಿ ಮುಚ್ಚಿಕೊಂಡರು. "ಆಯ ಕಟ್ಟಿದ್ದುಕ್ಕೆ ಗರಗಸ ಹಾಕಂಗಿಲ್ಲ ಯಜಮಾನ್ರೇ. ಸಿಂಹದ ಕಾಲು ಕುಯ್ದಂಗಾಯ್ತದೆ." ಲೂಯಿಯ ಸಿಂಹಾಯ ನಮ್ಮನ್ನು ಕಾಪಾಡಿತು!

ಆಗಸ್ಟ್ 28, ಭಾನುವಾರ, ಸಂಜೆ ಐದು ಗಂಟೆ

ಬೆಳಿಗ್ಗೆ ಲೂಯಿ ಹಿತ್ತಲಿಂದ ತಾವೇ ಇಟ್ಟಿಗೆ ಹೊತ್ತು ತಂದರು. ಈಜಿಚೇರಿನ ಒಂದೊಂದು ಕಾಲಿಗೂ ನಾಲ್ಕು ನಾಲ್ಕು. ಈಗ ನಮಗಿಂತ ಅವರೇ ಒಂದು ಗೇಣು ಮೇಲೆ. ಹತ್ತಲು ಆಗಲಿಲ್ಲ, ಅತ್ತೆಯ ಮಣೆ ಕೆಳಗಿಟ್ಟುಕೊಂಡು ಹತ್ತಿದರು. ಮಧ್ಯಾಹ್ನದಿಂದ ಅಲ್ಲೇ ಇದ್ದಾರೆ. ಮೇಲೆ ಕೂತು ಊರು ನೋಡಿದ್ದಾಯಿತು, ರೇಡಿಯೋ ಕೇಳಿದ್ದಾಯಿತು.

ಈ ಡೈರಿ ಮೊದಲ ಸಲ ಸೋಫಾ ಮೇಲೆ ಕೂತು ಬರೆಯುತ್ತಿದ್ದೇನೆ. ಪಕ್ಕದಲ್ಲಿ ಅತ್ತೆ, ಎಲೆ ಅಡಿಕೆ.

ಲೂಯಿ ಎರಡು ಸಲ ಕೆಮ್ಮಿದರು. ಆಮೇಲೆ, ಬೇರೆ ಕಡೆ ನೋಡುತ್ತಾ, "ಆ ಮಾಗಡಿ ಡಾಕ್ಟ್ರು... ಮಂಡಿಗೆ ಏನಂದ್ರವ್ವ?" ಅಂದರು. ನನಗೇ ಅಂದರು, ಸಾರಿನ ಬಟ್ಟಲಿಗಲ್ಲ. ನಾನು ಈ ಮನೆಗೆ ಬಂದು ಇಪ್ಪತ್ತೆರಡು ವರ್ಷ, ಅವ್ವ ಅಂದದ್ದು ಇದೇ ಮೊದಲು. ಇಳಿಯಲು ಆಗುತ್ತಿಲ್ಲ ಪಾಪ. ಮಂಡಿ ಹಿಡಿದುಕೊಂಡಿದೆ. ಎಷ್ಟು ವರ್ಷದಿಂದ ಇತ್ತೋ ಈ ನೋವು, ಬಾಯಿ ಬಿಟ್ಟಿದ್ದರೆ ಗಂಟು ಹೋಗುತ್ತಿತ್ತೇ?

"ಗಂಗವ್ವ, ಒಸಿ ಕೈ ಕೊಡು ಬಾ" ಅನ್ನುತ್ತಿದ್ದಾರೆ.

ಎದ್ದೆ. ಅತ್ತೆ ನನ್ನ ಸೆರಗು ಹಿಡಿದು ಕೂರಿಸಿದರು. "ಒಂದ್ ಗಳಿಗೆ ತಡಿ. ನಾನು ಐವತ್ತು ವರ್ಸ ತಡ್ದಿವ್ನಿ."

ಸರಿ, ಒಂದು ಗಳಿಗೆ. ಅತ್ತೆಯೂ ನಾನೂ ಕಾಲು ಅಲ್ಲಾಡಿಸುತ್ತಾ, ಮೆಲ್ಲಗೆ ಎಲೆ ಅಡಿಕೆ ಜಗಿಯುತ್ತಾ ಕೂತಿದ್ದೇವೆ.