ಬಿಗಿ ಮಾಡಿದ ಸ್ಕ್ರೂ

ಅಕ್ಕಾ,

ನೀನು ತೀರಿಕೊಂಡು ಮೂರು ವರ್ಷವಾಯಿತು. ಚಿಕ್ಕಂದಿನಲ್ಲಿ ನಮ್ಮ ಮನೆಯಲ್ಲಿತ್ತಲ್ಲ, ಅಂಥದ್ದೇ ಆಟದ ಸ್ಟೀಮ್ ಎಂಜಿನ್ ಒಂದನ್ನು ಇವರು ಗುಜರಿ ಅಂಗಡಿಯಿಂದ ತಂದರು. ಒಂದು ತಿಂಗಳು ಇಬ್ಬರೂ ಕೂತು ತುಕ್ಕು ತೆಗೆದೆವು, ಹಿತ್ತಾಳೆ ಉಜ್ಜಿದೆವು. ಸೇಫ್ಟಿ ವಾಲ್ವ್ ನನ್ನ ಪಾಲಿಗೆ ಬಂದಿತ್ತು. ಅದನ್ನು ಮುಟ್ಟಲು ಕೈ ಬರಲಿಲ್ಲ. ನೋಡಿದ್ದೇನೆ ಎಂದು ಸುಳ್ಳು ಹೇಳಿದೆ.

ಇವತ್ತು ಬೆಳಿಗ್ಗೆ ಅಡುಗೆಮನೆಯಲ್ಲಿ ನೀರು ತುಂಬಿ ಬೆಂಕಿ ಕೊಟ್ಟೆವು. ಚಕ್ರ ಹುಚ್ಚು ಹಿಡಿದಂತೆ ತಿರುಗಿತು. ಹೆಚ್ಚಾದ ಆವಿ ವಾಲ್ವಿನಿಂದ ಹೊರಗೆ ಬರಬೇಕಿತ್ತು, ಒಂದೆಳೆಯೂ ಬರಲಿಲ್ಲ. ಇವರು ಮುಖ ಬಗ್ಗಿಸಿ ನೋಡುತ್ತಿದ್ದರು. ಕೂಗೋಣವೆಂದರೆ ನಾಲಿಗೆ ಏಳಲಿಲ್ಲ. ಕಾಲು ಮಾತ್ರ ಬಾಗಿಲು ದಾಟಿ ಓಡಿತ್ತು.

ಇವರೇ ಬೆಂಕಿ ಆರಿಸಿದರು. ಏನೂ ಆಗಲಿಲ್ಲ. ನಾನು ಮೆಲ್ಲಗೆ ಒಳಗೆ ಬಂದೆ.

"ಯಾವನೋ ವಾಲ್ವಿನ ಸ್ಕ್ರೂ ಪೂರ್ತಿ ಬಿಗಿ ಮಾಡಿಟ್ಟಿದಾನೆ ಕಣೇ," ಎಂದರು.

"ಯಾವುದೋ ಮಗು ಇರ್ಬೇಕು. ಜೋರಾಗಿ ಓಡ್ಲಿ ಅಂತ."

"ನಿಂಗೆ ಹೇಗೆ ಗೊತ್ತು?"

ನಾನು ಪಾತ್ರೆ ತೊಳೆಯತೊಡಗಿದೆ.

ಅಂದು, ನಮ್ಮ ಎಂಜಿನ್ ಸಿಡಿದ ದಿನ, ಆಸ್ಪತ್ರೆಯಲ್ಲಿ ಅಪ್ಪ, "ಸ್ಕ್ರೂ ಬಿಗಿ ಮಾಡಿದ್ದು ಯಾರು?" ಎಂದು ಕೇಳಿದಾಗ, ಎರಡೂ ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಮಲಗಿದ್ದ ನೀನು "ನಾನೇ" ಎಂದಿದ್ದೆ.

ನಾನು ನಿನ್ನ ಮಂಚದ ಪಕ್ಕದಲ್ಲೇ ನಿಂತಿದ್ದೆ.