ಅಜ್ಜನ ಹೆಸರಿನ ಒಂದು ವೋಟು

ಬೇಸ್‌ಬಾಲ್ ವರದಿಗಾರಶ್ರೇಷ್ಠ, ದಿವಂಗತ ಅಜ್ಜನವರ ಸನ್ನಿಧಿಗೆ,

ಮೊಮ್ಮಗ ವೆಂಡೆಲ್‌ನ ತಪ್ಪೊಪ್ಪಿಗೆ. ನೀನು ತೀರಿಕೊಂಡ ದಿನ ಹಾಲ್ ಆಫ್ ಫೇಮಿಗೆ, ಅಂದರೆ ಬೇಸ್‌ಬಾಲ್ ದಿಗ್ಗಜರ ಗೌರವಪಟ್ಟಿಗೆ, ಆಟಗಾರರನ್ನು ಆರಿಸಲು ನಿಮ್ಮಂಥ ವರದಿಗಾರರಿಗೆ ಕೊಡುವ ಮತಪತ್ರ ಮೇಜಿನ ಮೇಲೆ ಖಾಲಿ ಬಿದ್ದಿತ್ತು. ತಮಾಷೆಗೆ ಹಳೇ ಚೆಂಡೆಸೆತಗಾರ ಡೆಲ್ಮರ್ ಕೋವಿಕ್‌ನ ಹೆಸರಿಗೆ ಗುರುತು ಹಾಕಿ, ನಿನ್ನ ಸಹಿ ಗೀಚಿ ಕಳಿಸಿಬಿಟ್ಟೆ. "ಚೆಂಡಿಗೆ ಎಂಜಲು ಹಚ್ಚಿ ಎಸೆದ ಮೋಸಗಾರನಿಗೆ ನನ್ನ ವೋಟಾ? ನಾನು ಸತ್ತ ಮೇಲೆ!" ಅಂತ ಗುಡುಗುತ್ತಿದ್ದವನು ನೀನೇ ತಾನೆ?

ಅವನು ಒಂದೇ ವೋಟಿನಿಂದ ಗೆದ್ದ.

ಪತ್ರಿಕೆಯ ಪಟ್ಟಿಯಲ್ಲಿ ನಿನ್ನ ವೋಟು ನೋಡಿ ಮುದುಕ ಕೋವಿಕ್ ಇವತ್ತು ಮನೆಗೇ ಬಂದಿದ್ದ. "ನಿಮ್ಮಜ್ಜ ಕೊನೆಗೂ ನನ್ನನ್ನ ಕ್ಷಮಿಸಿದ್ರು, ಅಲ್ವೇನೋ ಮರಿ?" ಅಂತ ಅತ್ತ. ಹೌದು ಅಂತ ತಲೆಯಾಡಿಸಿದೆ. ಜುಲೈನ ಸನ್ಮಾನ ಸಮಾರಂಭದಲ್ಲಿ ನನ್ನನ್ನು ಪಕ್ಕದಲ್ಲೇ ನಿಲ್ಲಿಸಿಕೊಂಡು ನಿನ್ನ ಹೆಸರು ಹೇಳುತ್ತಾನಂತೆ. ಸತ್ಯ ಹೇಳಿದರೆ ಅಲ್ಲೇ ಕುಸಿಯುತ್ತಾನೆ.

ತುಂಬಾ ಭಯವಾಗುತ್ತಿದೆ. ಆ ದಿನ ಎದ್ದು ಬಂದು ನನ್ನ ಕಿವಿ ಹಿಂಡು, ಅಜ್ಜ. ಎಲ್ಲರೆದುರೂ ಪರವಾಗಿಲ್ಲ.